ಅಮೆರಿಕದ ಮನೆಗೆ ಹೊಸ ಫರ್ನೇಸ್, ಹೊಸ ಎ.ಸಿ.: ಎಷ್ಟಾಗುತ್ತದೆ, ಹೇಗೆ ಕೊಳ್ಳಬೇಕು

2024ರ ಜನವರಿ ಮಧ್ಯ. ಶಿಕಾಗೋ ಸುತ್ತಮುತ್ತ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗೆ ಇಳಿದಿದ್ದ ವಾರ ಅದು. ಸರಿಯಾಗಿ ಆಗಲೇ ನಮ್ಮ ಫರ್ನೇಸ್, ಅಂದರೆ ಗ್ಯಾಸ್ ಉರಿಸಿ ಇಡೀ ಮನೆಗೆ ಬಿಸಿಗಾಳಿ ಕಳಿಸುವ ಯಂತ್ರ, ಕೈಕೊಟ್ಟಿತು. ಸಾಗರದಿಂದ ಬಂದಿದ್ದ ಅತ್ತೆ ಸೀರೆ ಮೇಲೆ ಎರಡು ಸ್ವೆಟರ್, ತಲೆಗೆ ಮಂಕಿ ಟೋಪಿ ಹಾಕಿಕೊಂಡು ಸೋಫಾದ ಮೂಲೆಯಲ್ಲಿ ಕೂತಿದ್ದರು. ರಾತ್ರಿ ಬಂದ ಟೆಕ್ನೀಷಿಯನ್ ಇಪ್ಪತ್ತು ನಿಮಿಷ ನೋಡಿ, ಹೀಟ್ ಎಕ್ಸ್‌ಚೇಂಜರ್ (ಉರಿ, ಹೊಗೆಯನ್ನು ಒಳಗಿಟ್ಟು ಬಿಸಿಯನ್ನಷ್ಟೇ ಮನೆಯ ಗಾಳಿಗೆ ದಾಟಿಸುವ ಲೋಹದ ಭಾಗ) ಬಿರುಕು ಬಿಟ್ಟಿದೆ, ಇದನ್ನು ಇನ್ನು ಹಚ್ಚಬೇಡಿ ಎಂದು ಆಫ್ ಮಾಡಿ ಹೋದ. ಬೆಳಗ್ಗೆ ಎಂಟಕ್ಕೆ ಅದೇ ಕಂಪನಿಯ ಸೇಲ್ಸ್‌ನವರು ಟ್ಯಾಬ್ಲೆಟ್ ಹಿಡಿದು ಅಡುಗೆಮನೆ ಟೇಬಲ್ಲಿಗೆ ಬಂದು ಕೂತರು. ಎ.ಸಿ.ಗೂ ವಯಸ್ಸಾಗಿದೆ, ಎರಡೂ ಸೇರಿ 18,400 ಡಾಲರ್. ಇವತ್ತೇ ಸಹಿ ಹಾಕಿದರೆ 1,500 ಕಡಿಮೆ.

ಅತ್ತೆ ಮನಸ್ಸಲ್ಲೇ ರೂಪಾಯಿ ಲೆಕ್ಕ ಹಾಕಿದರು. "ಹದಿನೈದು ಲಕ್ಷನೇನೇ? ಒಂದು ಒಲೆ ಬದಲಿಸೋದಕ್ಕಾ?"

ನಾವು ಸಹಿ ಹಾಕಲಿಲ್ಲ. ಅದೇ ದಿನ ಮಧ್ಯಾಹ್ನ ಬೇರೊಬ್ಬರು ಬಂದು 180 ಡಾಲರಿಗೆ ಅದೇ ಹಳೆ ಫರ್ನೇಸನ್ನು ನಡೆಸಿಕೊಟ್ಟರು. ಏಪ್ರಿಲ್‌ನಲ್ಲಿ ನಿಧಾನವಾಗಿ ವಿಚಾರಿಸಿ ಎರಡನ್ನೂ ಬದಲಿಸಿದೆವು. ಆಗ ಆದದ್ದು 12,300 ಡಾಲರ್. ಆ ನಡುವಿನ ಮೂರು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಚಳಿಗಾಲ ಇದೇ ಪ್ರಶ್ನೆ ಬರುತ್ತದೆ.

ಮೊದಲು ಎರಡು ದಿನ ಗೆದ್ದುಕೊಳ್ಳಿ

ಚಳಿಯಲ್ಲಿ ನಡುಗುವವರಿಗೆ ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ. ಸೇಲ್ಸ್‌ನವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಮೊದಲ ಖರ್ಚು ಫರ್ನೇಸ್ ಅಲ್ಲ, ಎರಡು ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್. ನೇರ ಗೋಡೆಯ ಸಾಕೆಟ್‌ಗೆ ಹಾಕಿ, ಎಕ್ಸ್‌ಟೆನ್ಷನ್ ವೈರ್ ಬೇಡ. 1,500 ವ್ಯಾಟ್‌ನ ಎರಡನ್ನೂ ಒಂದೇ ಕೋಣೆಯಲ್ಲಿ ಹಚ್ಚಿದರೆ ಬ್ರೇಕರ್ ಬೀಳುತ್ತದೆ, ಬೇರೆ ಬೇರೆ ಕಡೆ ಇಡಿ. ಎಲ್ಲರೂ ಒಂದೇ ಮಹಡಿಯಲ್ಲಿ ಮಲಗಿ. ಹೊರಗೋಡೆಗೆ ತಾಗಿದ ನಲ್ಲಿಗಳನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ, ಇಲ್ಲದಿದ್ದರೆ ಪೈಪ್ ಒಡೆದು ಇನ್ನೊಂದು ಬಿಲ್ ಬರುತ್ತದೆ. ಗ್ಯಾಸ್ ಅವನ್ ಬಾಗಿಲು ತೆರೆದಿಟ್ಟು, ಇದ್ದಿಲು ಹಚ್ಚಿ ಮನೆ ಬೆಚ್ಚಗೆ ಮಾಡುವುದು ಮಾತ್ರ ಖಂಡಿತ ಬೇಡ. ಹಾಗೆ ಉರಿಸಿದರೆ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಹೊಡೆದುಕೊಂಡರೆ ಲೆಕ್ಕಾಚಾರ ಎಲ್ಲ ಆಮೇಲೆ. ಮನೆಯವರೆಲ್ಲ ಹೊರಗೆ ಬಂದು 911ಕ್ಕೆ ಫೋನ್ ಮಾಡಿ. ಇಲಿನಾಯ್‌ನಲ್ಲಿ 2007ರಿಂದ ಮಲಗುವ ಕೋಣೆಯಿಂದ 15 ಅಡಿ ಒಳಗೆ ಈ ಅಲಾರಂ ಇರಲೇಬೇಕೆಂಬ ಕಾನೂನಿದೆ. ನಿಮ್ಮದರ ಮೇಲಿನ ತಾರೀಖು ಒಮ್ಮೆ ನೋಡಿ.

ನಿಜವಾಗಿ ಕೆಟ್ಟಿದೆಯಾ?

ಟೆಕ್ನೀಷಿಯನ್ ಬರುವ ಮುಂಚೆ ಫರ್ನೇಸ್ ಬಾಗಿಲಿನ ಪುಟ್ಟ ಗಾಜಿನ ಕಿಂಡಿಯಲ್ಲಿ ಇಣುಕಿದ್ದು ಅತ್ತೆ. "ಹತ್ತಿಕೊಳ್ಳತ್ತೆ, ಐದು ಎಣಿಸೋದ್ರೊಳಗೆ ಆರಿಹೋಗತ್ತೆ ಕಣೇ" ಅಂದರು. ನಲವತ್ತು ವರ್ಷ ಸೌದೆ ಒಲೆ, ಸೀಮೆಎಣ್ಣೆ ಸ್ಟೋವ್ ನೋಡಿದ ಕಣ್ಣು. ಅದೇ ಸರಿಯಾದ ಸುಳಿವು ಎಂದು ಎರಡನೇ ಟೆಕ್ನೀಷಿಯನ್ ಬಂದಾಗ ಗೊತ್ತಾಯಿತು. ಬರ್ನರ್ ಪಕ್ಕ ಕಡ್ಡಿಯಂಥ ಒಂದು ಫ್ಲೇಮ್ ಸೆನ್ಸರ್ ಇರುತ್ತದೆ. ಉರಿ ಇದೆಯೋ ಇಲ್ಲವೋ ಎಂದು ಫರ್ನೇಸ್ ನಡೆಸುವ ಸರ್ಕ್ಯೂಟ್ ಬೋರ್ಡಿಗೆ ಹೇಳುವುದು ಅದರ ಕೆಲಸ. ಅದರ ಮೇಲೆ ಕಿಟ್ಟ ಕಟ್ಟಿದರೆ ಉರಿ ಇದ್ದರೂ ಕಾಣುವುದಿಲ್ಲ, ಬೋರ್ಡ್ ಗ್ಯಾಸ್ ನಿಲ್ಲಿಸಿಬಿಡುತ್ತದೆ. ಅವರು ಒಂದು ಸ್ಕ್ರೂ ಬಿಚ್ಚಿ ಕಡ್ಡಿ ತೆಗೆದು, ಉಜ್ಜಿ, ಮತ್ತೆ ಹಾಕಿದರು. ಬಿರುಕಿದೆ ಎನ್ನಲಾದ ಹೀಟ್ ಎಕ್ಸ್‌ಚೇಂಜರಿನೊಳಗೆ ಕ್ಯಾಮೆರಾ ಬಿಟ್ಟು ನಮಗೂ ತೋರಿಸಿದರು. ತುಕ್ಕಿತ್ತು, ಬಿರುಕು ಇರಲಿಲ್ಲ.

ಬಿರುಕು ಎಂದವರೆಲ್ಲ ಸುಳ್ಳು ಹೇಳುತ್ತಾರೆ ಅಂತಲ್ಲ. ನಿಜವಾದ ಬಿರುಕು ಅಪಾಯ, ಹಾಗಾಗಿ ಇನ್ನೊಬ್ಬರು ನೋಡುವ ತನಕ ನಾವೂ ಅದನ್ನು ಹಚ್ಚಲಿಲ್ಲ. ಆದರೆ ಫೋಟೊ ಕೇಳಿ. ಎಲ್ಲಿ ಒಡೆದಿದೆ ಎಂದು ಬೆರಳಿಟ್ಟು ತೋರಿಸಲಿ. ಆಮೇಲೆ ಯಂತ್ರ ಮಾರದ, ರಿಪೇರಿ ಮಾತ್ರ ಮಾಡುವ ಒಬ್ಬರನ್ನು ಕರೆಯಿರಿ.

ಎ.ಸಿ.ಗೂ ಇಂಥವೇ ಸಣ್ಣ ಕಾಯಿಲೆಗಳಿವೆ. ಹೊರಗಿನ ಪೆಟ್ಟಿಗೆ ಗುಂಯ್ ಅನ್ನುತ್ತದೆ, ಫ್ಯಾನ್ ತಿರುಗುವುದಿಲ್ಲ ಅಂದರೆ ಬಹಳ ಸಲ ಕೆಪಾಸಿಟರ್ ಹೋಗಿರುತ್ತದೆ. ನೀರು ಹೋಗುವ ಪೈಪ್ ಕಟ್ಟಿಕೊಂಡರೂ ಎ.ಸಿ. ನಿಂತುಬಿಡಬಹುದು. ಇನ್ನು "ಗ್ಯಾಸ್ ಕಮ್ಮಿಯಾಗಿದೆ, ತುಂಬಬೇಕು" ಎನ್ನುವ ಮಾತು ಊರಿನಲ್ಲೂ ಇದೆ, ಇಲ್ಲೂ ಇದೆ. ಈ ಗ್ಯಾಸ್ ಮುಚ್ಚಿದ ಪೈಪಿನಲ್ಲಿ ಸುತ್ತುವಂಥದ್ದು, ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಪ್ರತಿ ವರ್ಷ ತುಂಬಿಸುವುದು ತೂತು ಬಿಂದಿಗೆಗೆ ನೀರು ಹಾಕಿದ ಹಾಗೆ.

ರಿಪೇರಿಯೋ ಬದಲಾವಣೆಯೋ? ಇಲ್ಲಿ ಚಾಲ್ತಿಯಲ್ಲಿರುವ ಒಂದು ಒರಟು ಲೆಕ್ಕ ಇದೆ. ಯಂತ್ರದ ವಯಸ್ಸನ್ನು ರಿಪೇರಿ ಖರ್ಚಿನಿಂದ ಗುಣಿಸಿ. 5,000 ದಾಟಿದರೆ ಬದಲಿಸುವ ಯೋಚನೆ ಮಾಡಿ. ನಮ್ಮದು 21 ವರ್ಷದ ಫರ್ನೇಸ್, ರಿಪೇರಿ 180. ಗುಣಿಸಿದರೆ 3,780. ಸಾಮಾನ್ಯವಾಗಿ ಫರ್ನೇಸ್ 15ರಿಂದ 20 ವರ್ಷ, ಎ.ಸಿ. 12ರಿಂದ 15 ವರ್ಷ ಬಾಳುತ್ತವೆ. ನಮ್ಮದು ಮುಪ್ಪಿನಲ್ಲಿತ್ತು ನಿಜ, ಆದರೆ ಜನವರಿಯಲ್ಲೇ ಸಾಯಬೇಕಾಗಿರಲಿಲ್ಲ.

ಆರ್-22 ಗ್ಯಾಸಿನ ಹಳೆ ಎ.ಸಿ. ಇದ್ದರೆ ಮಾತು ಬೇರೆ. 2020ರ ಜನವರಿ 1ರಿಂದ ಅಮೆರಿಕದಲ್ಲಿ ಆರ್-22 ತಯಾರಿಕೆ, ಆಮದು ನಿಂತಿದೆ. ಉಳಿದಿರುವ, ಹಳೆ ಯಂತ್ರಗಳಿಂದ ತೆಗೆದ ಗ್ಯಾಸ್ ಮಾತ್ರ ಸಿಗುವುದು, ಅದಕ್ಕೆ ಬೆಲೆ ಜಾಸ್ತಿ. ಅಂಥ ಎ.ಸಿ. ಸೋರಲು ಶುರುವಾದರೆ ದುಡ್ಡು ಸುರಿಯಬೇಡಿ.

ಅಳತೆ: ಇಲ್ಲೇ ಬಹಳ ಜನ ಎಡವುವುದು

ಹೊರಗಿನ ಪೆಟ್ಟಿಗೆಯ ಮಾಡೆಲ್ ನಂಬರಿನಲ್ಲಿ 024, 030, 036, 042 ಎಂಬಂಥ ಅಂಕಿ ಹುಡುಕಿ. ಸಾವಿರ ಬಿಟಿಯು ಲೆಕ್ಕ ಅದು (ಬಿಟಿಯು ಅಂದರೆ ಶಾಖದ ಅಳತೆ, ಇಲ್ಲಿ ಗಂಟೆಗೆ ಎಷ್ಟು ಎಂದು). 12,000 ಬಿಟಿಯುಗೆ ಒಂದು ಟನ್, ಹಾಗಾಗಿ 036 ಅಂದರೆ ಮೂರು ಟನ್. ನಮ್ಮದು 042, ಮೂರೂವರೆ ಟನ್. ಫರ್ನೇಸ್ 1,00,000 ಬಿಟಿಯು, ಶೇ. 80ರದ್ದು, ಅಂದರೆ ಸುಟ್ಟ ಗ್ಯಾಸಿನ ಬಿಸಿಯಲ್ಲಿ ಅಷ್ಟು ಭಾಗ ಮಾತ್ರ ಮನೆಗೆ ಬರುವಂಥದ್ದು. ಜನವರಿಯ ಸೇಲ್ಸ್‌ನವರು ಸ್ಟಿಕರ್ ನೋಡಿ ಅದನ್ನೇ ಬರೆದುಕೊಂಡರು. ಕಿಟಕಿ ಎಣಿಸಲಿಲ್ಲ, ಅಟ್ಟ ಹತ್ತಲಿಲ್ಲ.

ಮನೆಗೆ ಎಷ್ಟು ಶಾಖ ಬೇಕು ಎಂದು ಲೆಕ್ಕ ಹಾಕುವ ಕ್ರಮಕ್ಕೆ ಮ್ಯಾನುಯಲ್ ಜೆ ಎಂದು ಹೆಸರು. ಗೋಡೆ, ಕಿಟಕಿ, ಅಟ್ಟದ ಇನ್ಸುಲೇಷನ್, ಮನೆ ಮುಖ ಯಾವ ದಿಕ್ಕಿಗೆ ಎಂಬುದನ್ನೆಲ್ಲ ಸೇರಿಸುತ್ತಾರೆ. ಏಪ್ರಿಲ್‌ನಲ್ಲಿ ಬಂದ ಮೂವರಲ್ಲಿ ಒಬ್ಬರು ಮಾತ್ರ ಒಂದೂವರೆ ಗಂಟೆ ಮನೆಯೆಲ್ಲ ಅಳೆದರು. ನಮ್ಮ 2,100 ಚದರಡಿ ಮನೆಗೆ ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಬೇಕಾದದ್ದು ಸುಮಾರು 47,000 ಬಿಟಿಯು ಎಂದು ಬಂತು. ಹಳೆಯದು ಕೊಡುತ್ತಿದ್ದದ್ದು 80,000. ಇಷ್ಟು ವರ್ಷ ಐದಾರು ನಿಮಿಷ ಭುಸ್ ಎಂದು ಉರಿದು ಆರುವುದು, ಮೇಲಿನ ಕೋಣೆ ಬೇಯುವುದು, ಕೆಳಗಿನದು ತಣ್ಣಗಿರುವುದು ಯಾಕೆ ಅಂತ ಆವತ್ತು ತಿಳಿಯಿತು. ಎ.ಸಿ. ದೊಡ್ಡದಾದರೆ ಇನ್ನೂ ಒಂದು ತೊಂದರೆ. ಬೇಗ ತಣ್ಣಗಾಗಿ ನಿಂತುಬಿಡುತ್ತದೆ, ಗಾಳಿಯ ತೇವ ತೆಗೆಯಲು ಹೊತ್ತೇ ಸಿಗುವುದಿಲ್ಲ. ಜುಲೈನಲ್ಲಿ ಮನೆ ತಣ್ಣಗೆ, ಆದರೆ ಮಂಗಳೂರಿನ ಹಾಗೆ ಜಿಗುಟು.

ಕೊನೆಗೆ ಹಾಕಿಸಿದ್ದು 60,000 ಬಿಟಿಯು, ಶೇ. 96ರ ಫರ್ನೇಸ್, ಎರಡೂವರೆ ಟನ್ ಎ.ಸಿ. ಮುಂದಿನ ಜನವರಿಯ ಚಳಿಯನ್ನೂ ಅದು ತಡೆಯಿತು.

ಎಷ್ಟು ಒಳ್ಳೆಯದು ಕೊಳ್ಳಬೇಕು?

ಫರ್ನೇಸಿನ ಶೇಕಡಾ ಅಂಕಿಗೆ ಎಎಫ್‌ಯುಇ ಎನ್ನುತ್ತಾರೆ. ಸುಟ್ಟ ಗ್ಯಾಸಿನಲ್ಲಿ ಎಷ್ಟು ಭಾಗ ಶಾಖವಾಗಿ ಮನೆಗೆ ಬರುತ್ತದೆ ಎಂಬ ಲೆಕ್ಕ. ವರ್ಷಕ್ಕೆ 800 ಥರ್ಮ್ (ಗ್ಯಾಸ್ ಬಿಲ್ಲಿನ ಯೂನಿಟ್) ಬಿಸಿಗೇ ಖರ್ಚಾಗುವ ಮನೆ ಅಂದುಕೊಳ್ಳಿ. ಶೇ. 80ರಿಂದ 96ಕ್ಕೆ ಹೋದರೆ ಸುಮಾರು 133 ಥರ್ಮ್ ಉಳಿಯುತ್ತದೆ. ಥರ್ಮಿಗೆ 1.20 ಡಾಲರ್ ಹಿಡಿದರೆ ವರ್ಷಕ್ಕೆ 160 ಡಾಲರ್. ಒಳ್ಳೆಯ ಯಂತ್ರಕ್ಕೆ 1,500 ಜಾಸ್ತಿ ಕೊಟ್ಟಿದ್ದರೆ ವಾಪಸ್ ಬರಲು ಒಂಬತ್ತು ವರ್ಷ ದಾಟುತ್ತದೆ. ಶಿಕಾಗೋ, ಮಿನಿಯಾಪೊಲಿಸ್, ಬಫಲೋದಲ್ಲಿ ಸರಿ. ಡಲ್ಲಾಸ್‌ನಲ್ಲಿ ಇರುವವರಿಗೆ ಅದೇ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಶೇ. 80ರದ್ದೇ ಸಾಕು. ಎರಡೇ ವರ್ಷದಲ್ಲಿ ಮನೆ ಮಾರುವವರಿಗೂ ಅಷ್ಟೇ.

ಎ.ಸಿ.ಗೆ 2023ರಿಂದ ಸೀರ್2 ಎಂಬ ಅಳತೆ ಬಂದಿದೆ, ಸುಟ್ಟ ಕರೆಂಟಿಗೆ ಎಷ್ಟು ತಂಪು ಕೊಡುತ್ತದೆ ಎಂಬ ಲೆಕ್ಕ. ಕನಿಷ್ಠ ಎಷ್ಟಿರಬೇಕು ಎಂಬುದು ಉತ್ತರದ ರಾಜ್ಯಗಳಲ್ಲಿ 13.4, ದಕ್ಷಿಣದಲ್ಲಿ ಮಾಮೂಲಿ ಗಾತ್ರದವಕ್ಕೆ 14.3. ಮೂರು ಟನ್ ಯಂತ್ರ ವರ್ಷಕ್ಕೆ 1,000 ಗಂಟೆ ಓಡಿದರೆ 14.3ಕ್ಕೂ 17ಕ್ಕೂ ವ್ಯತ್ಯಾಸ 400 ಯೂನಿಟ್ ಕರೆಂಟ್. ಯೂನಿಟ್ಟಿಗೆ 17 ಸೆಂಟ್ ಅಂದರೆ 68 ಡಾಲರ್. ಅದಕ್ಕಾಗಿ 2,000 ಜಾಸ್ತಿ ಕೇಳಿದರೆ ನಾನಂತೂ ಕೊಡುವುದಿಲ್ಲ. ಹ್ಯೂಸ್ಟನ್‌ನಲ್ಲಿರುವ ನನ್ನ ತಂಗಿ ಕೊಡಬಹುದು, ಅವಳ ಎ.ಸಿ. ಬಹುಪಾಲು ವರ್ಷ ಓಡುತ್ತಲೇ ಇರುತ್ತದೆ.

ಸಿಂಗಲ್ ಸ್ಟೇಜ್ (ಯಾವಾಗಲೂ ಪೂರ್ತಿ ಬಲ), ಟೂ ಸ್ಟೇಜ್ (ದೊಡ್ಡದು, ಸಣ್ಣದು ಎರಡು ಮಟ್ಟ), ವೇರಿಯಬಲ್ ಸ್ಪೀಡ್ (ಬೇಕಾದಷ್ಟಕ್ಕೆ ಹೊಂದಿಕೊಳ್ಳುವುದು) ಎಂಬ ಮೂರು ದರ್ಜೆ ಇವೆ. ಟೂ ಸ್ಟೇಜ್ ಫರ್ನೇಸ್ ಹೆಚ್ಚು ಹೊತ್ತು ಸಣ್ಣ ಉರಿಯಲ್ಲೇ ಇರುತ್ತದೆ, ಸದ್ದೂ ಕಡಿಮೆ. ನನಗೆ ಅಲ್ಲಿಗೆ ಸಾಕು ಅನಿಸಿತು. ವೇರಿಯಬಲ್ ಚೆನ್ನಾಗಿದೆ, ಆದರೆ ವಾರಂಟಿ ಮುಗಿದ ಮೇಲೆ ಬೋರ್ಡ್ ಹೋದರೆ ಬಿಲ್ ನೋಡಿ ಚಳಿ ಬಿಟ್ಟುಹೋಗುತ್ತದೆ.

ಬ್ರ್ಯಾಂಡಿನ ಬಗ್ಗೆ ಜನ ಇಡ್ಲಿ-ದೋಸೆ ಹೋಟೆಲಿನ ಹಾಗೆ ಜಗಳ ಆಡುತ್ತಾರೆ. ಬ್ರಯಂಟ್ ಕ್ಯಾರಿಯರ್‌ನವರದೇ, ಅಮೆರಿಕನ್ ಸ್ಟ್ಯಾಂಡರ್ಡ್ ಟ್ರೇನ್‌ನವರದೇ. ಗುಡ್‌ಮನ್, ಅಮಾನಾ ಎರಡೂ ಡೈಕಿನ್ ಕೈಯಲ್ಲಿವೆ. ಹೆಸರಿಗಿಂತ ಕೂರಿಸುವ ಕೈ ಮುಖ್ಯ.

ಹೀಟ್ ಪಂಪ್ ಬೆಲೆಯನ್ನೂ ಒಮ್ಮೆ ಕೇಳಿ. ಎ.ಸಿ. ಜಾಗದಲ್ಲಿ ಹೀಟ್ ಪಂಪ್ ಇಟ್ಟರೆ ಅದು ಬೇಸಿಗೆಯಲ್ಲಿ ತಣ್ಣಗೆ, ಸಾಧಾರಣ ಚಳಿಯಲ್ಲಿ ಬೆಚ್ಚಗೆ ಮಾಡುತ್ತದೆ. ತೀರಾ ಚಳಿಗೆ ಫರ್ನೇಸ್ ಹಚ್ಚಿಕೊಳ್ಳುತ್ತದೆ. ನಿಮ್ಮ ಊರಿನ ಗ್ಯಾಸ್ ದರ, ಕರೆಂಟ್ ದರ ಎರಡನ್ನೂ ಇಟ್ಟು ನೋಡಬೇಕು. ನಮ್ಮಲ್ಲಿ ಗ್ಯಾಸೇ ಅಗ್ಗ ಬಿತ್ತು.

ಬೆಲೆಯೊಳಗೆ ಏನೇನಿದೆ

ಒಟ್ಟಾರೆ ಅಂದಾಜು ಹೇಳಬೇಕೆಂದರೆ, ಫರ್ನೇಸ್ ಒಂದೇ ಆದರೆ 4,000ದಿಂದ 8,000. ಎ.ಸಿ. ಒಂದೇ ಆದರೆ 5,000ದಿಂದ 10,000. ಎರಡೂ ಒಟ್ಟಿಗೆ 9,000ದಿಂದ 18,000. ಕ್ಯಾಲಿಫೋರ್ನಿಯಾದ ಕೊಲ್ಲಿ ಪ್ರದೇಶ, ಬಾಸ್ಟನ್ ಕಡೆ ಇನ್ನೂ ಮೇಲೆ. ಎರಡನ್ನೂ ಒಟ್ಟಿಗೆ ಮಾಡಿಸಿದರೆ ಸ್ವಲ್ಪ ಉಳಿತಾಯ ಆಗುತ್ತದೆ, ಯಾಕೆಂದರೆ ಎ.ಸಿ.ಯ ಕಾಯಿಲ್ (ಗಾಳಿ ತಣ್ಣಗಾಗಿಸುವ ಒಳಭಾಗ) ಕೂರುವುದು ಫರ್ನೇಸಿನ ತಲೆ ಮೇಲೇ. ಒಂದೇ ಸಲ ಬಿಚ್ಚಿ ಕಟ್ಟಬಹುದು.

ನಮಗೆ ಹಾಕಿದಂಥ ಜೋಡಿ ಆನ್‌ಲೈನ್‌ನಲ್ಲಿ 4,000 ಡಾಲರ್ ಆಸುಪಾಸಿನಲ್ಲಿ ಕಂಡಿತು. ಉಳಿದದ್ದು ಇಬ್ಬರ ಒಂದು ದಿನದ ಕೂಲಿ, ತಗಡಿನ ಕೆಲಸ, ಪೈಪು, ಪರ್ಮಿಟ್, ವ್ಯಾನು, ವಿಮೆ, ಜಾಹೀರಾತು, ಸೇಲ್ಸ್‌ನವರ ಕಮಿಷನ್. ಚೌಕಾಸಿಗೆ ಜಾಗ ಇರುವುದು ಇಲ್ಲೇ. ಹಾಗಂತ ನೀವೇ ಆನ್‌ಲೈನ್‌ನಲ್ಲಿ ಕೊಂಡು ಯಾರನ್ನೋ ಕರೆದು ಕೂರಿಸಲು ಹೋಗಬೇಡಿ. ವಾರಂಟಿಗೆ ತಕರಾರು ಬರುತ್ತದೆ, ಒಳ್ಳೆಯ ಕಾಂಟ್ರಾಕ್ಟರುಗಳು ಮುಟ್ಟುವುದೂ ಇಲ್ಲ.

ಮೂರು ಕಡೆಯಿಂದ ಕೋಟ್, ಅಂದರೆ ಬೆಲೆಪಟ್ಟಿ, ತಗೊಳ್ಳಿ, ಮೂರನ್ನೂ ಬರಹದಲ್ಲಿ. "ಹೈ ಎಫಿಷಿಯನ್ಸಿ ಸಿಸ್ಟಂ, 13,900" ಎಂದಷ್ಟೇ ಬರೆದ ಚೀಟಿ ಕೋಟ್ ಅಲ್ಲ. ಫರ್ನೇಸ್, ಕಾಯಿಲ್, ಹೊರಗಿನ ಪೆಟ್ಟಿಗೆ ಮೂರರದೂ ಪೂರ್ತಿ ಮಾಡೆಲ್ ನಂಬರ್ ಬೇಕು. ಆ ಮೂರು ಒಂದಕ್ಕೊಂದು ಹೊಂದುತ್ತವೆ ಎಂದು ಹೇಳುವ ಎಎಚ್‌ಆರ್‌ಐ ನಂಬರ್ ಬೇಕು. ಪರ್ಮಿಟ್ ಯಾರು ತೆಗೆಸುತ್ತಾರೆ, ತಾಮ್ರದ ಪೈಪ್ ಹೊಸದೋ ಹಳೆಯದೋ, ಥರ್ಮೋಸ್ಟಾಟ್ ಸೇರಿದೆಯೋ, ಹಳೆಯದನ್ನು ಹೊತ್ತುಕೊಂಡು ಹೋಗುತ್ತಾರೋ, ಕೆಲಸಕ್ಕೆ ಎಷ್ಟು ವರ್ಷ ವಾರಂಟಿ, ಎಲ್ಲ ಬರೆದಿರಬೇಕು. ಬಿಡಿಭಾಗಕ್ಕೆ ಕಂಪನಿ ಹತ್ತು ವರ್ಷ ಕೊಡುತ್ತದೆ, ಸರಿ. ಆದರೆ ಬಂದು ಹಾಕುವ ಕೂಲಿಗೆ ಬಹಳ ಕಡೆ ಒಂದೇ ವರ್ಷ.

ಒಂದು ವಿಷಯ ಯಾರೂ ತಾವಾಗಿ ಹೇಳುವುದಿಲ್ಲ. ಹಳೆಯ ಶೇ. 80ರ ಫರ್ನೇಸ್ ತನ್ನ ಹೊಗೆಯನ್ನು ಚಿಮಣಿಗೆ ಬಿಡುತ್ತಿತ್ತು. ಬಹಳ ಮನೆಗಳಲ್ಲಿ ನೀರು ಕಾಯಿಸುವ ಗ್ಯಾಸ್ ಹೀಟರೂ ಅದೇ ಚಿಮಣಿಗೆ. ಶೇ. 90 ದಾಟಿದ ಹೊಸ ಫರ್ನೇಸ್ ಬಿಳಿ ಪಿವಿಸಿ ಪೈಪಿನಲ್ಲಿ ಗೋಡೆ ತೂರಿ ಹೊರಗೆ ಹೋಗುತ್ತದೆ. ಆಗ ಅಷ್ಟು ದೊಡ್ಡ ಚಿಮಣಿಗೆ ನೀರಿನ ಹೀಟರ್ ಒಂದೇ ಉಳಿಯುತ್ತದೆ. ಅದರ ಹೊಗೆಗೆ ಅಷ್ಟು ಬಿಸಿ ಇಲ್ಲ, ಮೇಲೇರದೆ ಚಿಮಣಿಯಲ್ಲೇ ತಣ್ಣಗಾಗಿ ನೀರಾಗುತ್ತದೆ, ಕೆಲವೊಮ್ಮೆ ಮನೆಯೊಳಕ್ಕೇ ವಾಪಸ್ ಬರುತ್ತದೆ. ಅದಕ್ಕೆ ಚಿಮಣಿಯೊಳಗೆ ಸಣ್ಣ ಲೋಹದ ಕೊಳವೆ ಇಳಿಸಬೇಕು. ನಮ್ಮ ಮೂರು ಕೋಟ್‌ಗಳಲ್ಲಿ ಒಂದರಲ್ಲಿ ಮಾತ್ರ ಇದು ಇತ್ತು, 950 ಡಾಲರ್. ಎಲ್ಲಕ್ಕಿಂತ ಅಗ್ಗದ ಕೋಟ್ ಅಗ್ಗವಾಗಿದ್ದದ್ದು ಅದಿಲ್ಲದೆ.

ಹೊಸ ಗ್ಯಾಸಿನ ಮಾತೂ ಇದೆ. 2025ರ ಜನವರಿ 1ರಿಂದ ಮನೆಯ ಹೊಸ ಎ.ಸಿ.ಗಳನ್ನು ಆರ್-410ಎ ಗ್ಯಾಸಿಗೆ ತಯಾರಿಸುವ ಹಾಗಿಲ್ಲ. ಈಗ ಬರುವುದು ಆರ್-454ಬಿ ಅಥವಾ ಆರ್-32. ಭೂಮಿ ಬಿಸಿಯೇರಿಸುವ ಗುಣ ಅವಕ್ಕೆ ಕಡಿಮೆ, ಸ್ವಲ್ಪ ಮಟ್ಟಿಗೆ ಹತ್ತಿಕೊಳ್ಳುವ ಗುಣ ಇದೆ. ಹಾಗಾಗಿ ಸೋರಿಕೆ ಹಿಡಿಯುವ ಸೆನ್ಸರ್ ಇರುವ ಕಾಯಿಲ್ ಬರುತ್ತದೆ, ಬೆಲೆಯೂ ಏರಿದೆ. ನಾವು 2024ರಲ್ಲಿ ಕೊಟ್ಟ ಬೆಲೆಗೆ ಈಗ ಅದೇ ಸಿಗುತ್ತದೆ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರ ಕೊಡುತ್ತಿದ್ದ ತೆರಿಗೆ ರಿಯಾಯಿತಿ, ಅಂದರೆ ಎ.ಸಿ., ಫರ್ನೇಸಿಗೆ ತಲಾ 600 ಡಾಲರ್ ತನಕ, ಹೀಟ್ ಪಂಪಿಗೆ 2,000 ತನಕ, 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಇನ್ನೂ ಇದೆ ಎಂದು ಯಾರಾದರೂ ಕೋಟ್‌ನಲ್ಲಿ ಕಳೆದು ತೋರಿಸಿದರೆ ಆ ಚೀಟಿ ಪಕ್ಕಕ್ಕಿಡಿ. ನಿಮ್ಮ ಗ್ಯಾಸ್, ಕರೆಂಟ್ ಕಂಪನಿಗಳ ರಿಬೇಟ್ ಬೇರೆ, ಅದನ್ನು ಅವರ ವೆಬ್‌ಸೈಟಿನಲ್ಲೇ ನೋಡಿ.

ಸಹಿ ಹಾಕುವ ಮುಂಚೆ

"18 ತಿಂಗಳು ಬಡ್ಡಿ ಇಲ್ಲ" ಎಂಬುದು ಸುಮ್ನೆ ಬರುವುದಿಲ್ಲ. ಸಾಲ ಕೊಡುವ ಕಂಪನಿಗೆ ಕಾಂಟ್ರಾಕ್ಟರ್ ಕಟ್ಟುವ ಫೀ ನಿಮ್ಮ ಬೆಲೆಯೊಳಗೇ ಕೂತಿರುತ್ತದೆ. ಕೆಲವು ಸಾಲಗಳಲ್ಲಿ 18ನೇ ತಿಂಗಳಿಗೆ ಪೂರ್ತಿ ತೀರದಿದ್ದರೆ ಮೊದಲ ದಿನದಿಂದ ಬಡ್ಡಿ ಹಾಕುತ್ತಾರೆ. "ಚೆಕ್ ಕೊಟ್ಟರೆ ಎಷ್ಟು?" ಎಂದು ಕೇಳಿ. ನಮಗೆ ಆ ಒಂದು ಪ್ರಶ್ನೆಗೆ 900 ಡಾಲರ್ ಇಳಿಯಿತು. ಕೇಳಲು ನಾಚಿಕೆ ಬೇಡ. ಗಾಂಧಿಬಜಾರಿನಲ್ಲಿ ಹೂವಿಗೆ ಚೌಕಾಸಿ ಮಾಡಿದವರು ಇಲ್ಲಿ ಬಂದು ಯಾಕೋ ಬಾಯಿ ಕಟ್ಟಿಕೊಳ್ಳುತ್ತೇವೆ.

"ಇವತ್ತೇ ಆದರೆ" ಎನ್ನುವ ಬೆಲೆ ನಾಳೆಯೂ ಇರುತ್ತದೆ. ಜನವರಿಯವರು ಮೂರು ಸಲ ಫೋನ್ ಮಾಡಿದರು, ಪ್ರತಿ ಸಲವೂ ಇಳಿಸಿದರು. ಒತ್ತಡಕ್ಕೆ ಬಿದ್ದು ಮನೆಯಲ್ಲೇ ಸಹಿ ಹಾಕಿಬಿಟ್ಟಿದ್ದರೆ, ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆಯಾದ ಎಫ್‌ಟಿಸಿ ನಿಯಮದ ಪ್ರಕಾರ ಸಾಮಾನ್ಯವಾಗಿ ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಬಹುದು. ತುರ್ತು ಕೆಲಸ ಎಂದು ಆ ಹಕ್ಕು ಬಿಟ್ಟುಕೊಡುವ ಕಾಗದಕ್ಕೂ ಸಹಿ ಹಾಕಿಸಿಕೊಂಡರೋ ನೋಡಿ. ಟೊರಾಂಟೊ ಕಡೆಯವರಿಗೆ ಇನ್ನೂ ಒಂದು ಆಸರೆ ಇದೆ. ಒಂಟಾರಿಯೊದಲ್ಲಿ 2018ರ ಮಾರ್ಚ್ 1ರಿಂದ ಕರೆಯದೆ ಬಾಗಿಲಿಗೆ ಬಂದು ಫರ್ನೇಸ್, ಎ.ಸಿ. ಮಾರುವುದೇ ನಿಷೇಧ.

ಇಲಿನಾಯ್‌ನಲ್ಲಿ ಈ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಇಲ್ಲ, ಊರಿನ ಮಟ್ಟದ ನೋಂದಣಿ ಇರುತ್ತದೆ. ನಮ್ಮದಕ್ಕೆ ಅಧಿಕೃತವಾಗಿ "ವಿಲೇಜ್" ಅಂತಲೇ ಹೆಸರು, ಹಳ್ಳಿಯಂತೂ ಅಲ್ಲ. ಆ ಕಚೇರಿಗೆ ಫೋನ್ ಮಾಡಿ ಕಾಂಟ್ರಾಕ್ಟರ್ ಹೆಸರು ಇದೆಯೇ ಎಂದು ಕೇಳಿ, ಎರಡು ನಿಮಿಷದ ಕೆಲಸ. ವಿಮೆಯ ಕಾಗದವನ್ನೂ ಕೇಳಿ. ಎ.ಸಿ. ಗ್ಯಾಸ್ ಮುಟ್ಟುವವರಿಗೆ ಮಾತ್ರ ಎಲ್ಲ ರಾಜ್ಯಗಳಲ್ಲೂ ಕೇಂದ್ರ ಪರಿಸರ ಸಂಸ್ಥೆಯ ಇಪಿಎ 608 ಸರ್ಟಿಫಿಕೇಟ್ ಬೇಕೇ ಬೇಕು.

ಕೆಲಸದ ದಿನ

ರಜೆ ಹಾಕಿ ಮನೆಯಲ್ಲಿರಿ. ಪಕ್ಕದಲ್ಲೇ ನಿಂತು ಕಾಟ ಕೊಡಬೇಕಿಲ್ಲ, ಒಂದೆರಡು ಹೊತ್ತಿಗೆ ಕೆಳಗಿಳಿದು ನೋಡಿದರೆ ಸಾಕು. ತಾಮ್ರದ ಪೈಪ್ ಬೆಸೆದ ಮೇಲೆ ನೈಟ್ರೋಜನ್ ತುಂಬಿ ಸೋರಿಕೆ ಪರೀಕ್ಷೆ ಮಾಡಬೇಕು. ಆಮೇಲೆ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ತೇವ ಎಲ್ಲ ಎಳೆಯಬೇಕು. ಆಗ ಮೀಟರ್ 500 ಮೈಕ್ರಾನ್‌ಗಿಂತ ಕೆಳಗೆ ತೋರಿಸಿ ಅಲ್ಲೇ ನಿಲ್ಲಬೇಕು (ಪೈಪಿನೊಳಗೆ ಎಷ್ಟು ಗಾಳಿ ಉಳಿದಿದೆ ಎಂಬ ಒತ್ತಡದ ಅಳತೆ ಅದು). ನಮ್ಮವರು ಮೀಟರನ್ನು ನನಗೇ ತೋರಿಸಿ, "ಫೋಟೊ ತಗೊಳ್ಳಿ" ಎಂದರು. ಅವರಿಗೆ ಕೊಟ್ಟ ದುಡ್ಡು ಸಾರ್ಥಕ ಅನಿಸಿದ್ದು ಆಗಲೇ. ಗ್ಯಾಸ್ ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡುತ್ತಾರೆ. ಕೊನೆಗೆ ಫರ್ನೇಸ್ ಓಡಿಸಿ ಒಳಹೋಗುವ, ಹೊರಬರುವ ಗಾಳಿಯ ಬಿಸಿ ಅಳೆದು, ಎರಡರ ವ್ಯತ್ಯಾಸ ಸ್ಟಿಕರಿನಲ್ಲಿ ಹೇಳಿದ ಮಿತಿಯೊಳಗಿದೆಯೇ ಎಂದು ಬರೆದುಕೊಡಬೇಕು.

ಹೊರಗೆ 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದರೆ ಎ.ಸಿ.ಯನ್ನು ಸರಿಯಾಗಿ ಪರೀಕ್ಷಿಸುವುದು ಕಷ್ಟ. ನಮ್ಮ ಕೆಲಸ ಆದ ದಿನ 48 ಇತ್ತು. ಹಾಗಾಗಿ 1,000 ಡಾಲರ್ ಉಳಿಸಿಕೊಂಡು, ಮೇ ತಿಂಗಳಲ್ಲಿ ಬಂದು ಎ.ಸಿ. ಓಡಿಸಿ ತೋರಿಸಿದ ಮೇಲೆ ಕೊಡುವುದೆಂದು ಕರಾರಿನಲ್ಲೇ ಬರೆಸಿದ್ದೆವು. ಚಳಿಗಾಲದಲ್ಲಿ ಎರಡನ್ನೂ ಹಾಕಿಸುವವರು ಈ ಸಾಲು ಮರೆಯಬೇಡಿ.

ವಿಲೇಜ್‌ನ ಇನ್‌ಸ್ಪೆಕ್ಟರ್ ಬಂದು ಸಹಿ ಹಾಕುವ ತನಕ ಕೆಲಸ ಮುಗಿದಿಲ್ಲ. ಆಮೇಲೆ ಕಂಪನಿಯ ವೆಬ್‌ಸೈಟಿಗೆ ಹೋಗಿ ಮೂರೂ ಸೀರಿಯಲ್ ನಂಬರ್ ನೋಂದಾಯಿಸಿ. ಕಂಪನಿ ನೋಡಿಕೊಂಡು 60 ಅಥವಾ 90 ದಿನ ಗಡುವು ಇರುತ್ತದೆ. ಮರೆತರೆ ಬಹಳ ಕಡೆ ಹತ್ತು ವರ್ಷದ ವಾರಂಟಿ ಐದಕ್ಕೆ ಇಳಿಯುತ್ತದೆ. ಕಾಂಟ್ರಾಕ್ಟರ್ ಮಾಡುತ್ತಾರೆ ಎಂದು ಬಿಡಬೇಡಿ, ನೀವೇ ಮಾಡಿ. ನಾನು ಆ ನೋಂದಣಿಯ ಪ್ರತಿ, ಪರ್ಮಿಟ್, 500 ಮೈಕ್ರಾನಿನ ಫೋಟೊ ಮೂರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫರ್ನೇಸಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಅದರ ಕೆಳಗೆ ಫಿಲ್ಟರ್ ಬದಲಿಸಿದ ತಾರೀಖುಗಳ ಪಟ್ಟಿ ಇದೆ. ಮೊದಲ ತಾರೀಖು ಅತ್ತೆಯ ಕೈಬರಹ.